ಬೇಡದ ಮೆಷೀನು ನೋಡಲು ಡೆನ್ಮಾರ್ಕಿಗೆ

ಹೊರಡುವ ಮುನ್ನ, ಬನಶಂಕರಿ

ವಿದೇಶಕ್ಕೆ ಹೋಗಿ ಬಂದವರು ಅಲ್ಲಿ ಕಂಡು ಬೆರಗಾದದ್ದನ್ನು ಬರೆಯುತ್ತಾರೆ. ನಾನು ಬರೆದುಕೊಂಡು ಬಂದದ್ದು, ಇಲ್ಲದೇ ಹೋಗಿದ್ದರೂ ಪ್ರಪಂಚಕ್ಕೆ ಏನೂ ನಷ್ಟವಾಗುತ್ತಿರಲಿಲ್ಲ ಅನ್ನಿಸಿದ ವಸ್ತುಗಳ ಪಟ್ಟಿ. ಇದರ ತಪ್ಪು ನಮ್ಮ ಯಜಮಾನರದು. ಹೊರಡುವ ಹಿಂದಿನ ದಿನ ಬ್ಯಾಂಕಿನಲ್ಲಿ ಕೊಟ್ಟಿದ್ದ ಡೈರಿಯೊಂದನ್ನು ನನ್ನ ಕೈಗಿಟ್ಟು, "ಅಲ್ಲಿನವರು ಏನೇನು ಕಂಡುಹಿಡಿದಿದ್ದಾರೋ ಎಲ್ಲಾ ಬರ್ಕೊಂಡು ಬಾ. ನಿನ್ನ ಮಾತು ಕೇಳಿ ಕೇಳಿ ಸಾಕಾಗಿದೆ, ಓದೋದಾದ್ರೂ ಓದ್ತೀನಿ" ಅಂದರು. ಹೇಳಿದ್ದನ್ನು ಹೇಳಿದ ಹಾಗೆ ಮಾಡುವ ಅಭ್ಯಾಸ ನನಗೆ ಯಾವತ್ತೂ ಇಲ್ಲ.

ಎಂಬತ್ತರ ದಶಕ ಆಗಷ್ಟೇ ಶುರುವಾಗಿತ್ತು. ಬನಶಂಕರಿ ಎರಡನೇ ಹಂತದಲ್ಲಿ ನಮ್ಮ ಮಹಿಳಾ ಸಮಾಜದ ಶೀಟು ಹೊದಿಸಿದ ಶೆಡ್ಡು. ಅದರಲ್ಲಿ ಹದಿನೆಂಟು ಜನ ಹೆಂಗಸರು ಉದ್ದಿನ ಹಪ್ಪಳ ಮಾಡುತ್ತಿದ್ದರು. ನಾನು ಕಾರ್ಯದರ್ಶಿ. ಜಯನಗರದ ಒಂದು ಶಾಲೆಯಲ್ಲಿ ಹನ್ನೆರಡು ವರ್ಷ ಇಂಗ್ಲಿಷ್ ಪಾಠ ಹೇಳಿದವಳಾದ್ದರಿಂದ ಸಮಾಜದ ಪತ್ರಗಳೆಲ್ಲ ನನ್ನವೇ. ನನ್ನ ಇಂಗ್ಲಿಷ್ ಬಗ್ಗೆ ನನಗೆ ಹೆಮ್ಮೆಯಿತ್ತು. ಇದನ್ನು ಈಗಲೇ ಹೇಳಿಬಿಡುವುದು ಒಳ್ಳೆಯದು, ಮುಂದೆ ಬೇಕಾಗುತ್ತದೆ.

ಹಪ್ಪಳದ ಕೆಲಸದಲ್ಲಿ ಎರಡು ಭಾಗ. ಒಂದು ಒತ್ತುವುದು: ಲಟ್ಟಣಿಗೆ ಹಿಡಿದು, ಸಾಲಾಗಿ ಕೂತು, ಅತ್ತೆಯಂದಿರ ಸುದ್ದಿ ಮಾತಾಡುತ್ತ ಮಾಡುವ ಕೆಲಸ. ಇನ್ನೊಂದು ಅದಕ್ಕೂ ಮೊದಲಿನ ಕುಟ್ಟುವುದು. ಉದ್ದಿನ ಹಿಟ್ಟನ್ನು ಗಟ್ಟಿಯಾಗಿ ಕಲಸಿ, ಎಣ್ಣೆ ಸವರುತ್ತ, ಅದು ಎಳೆದರೆ ಹಿಗ್ಗುವಷ್ಟು ಮೆತ್ತಗಾಗುವ ತನಕ ಒರಳಲ್ಲಿ ಹಾಕಿ ಒನಕೆಯಿಂದ ಜಜ್ಜಬೇಕು. ಶೆಡ್ಡಿನ ಹಿಂದೆ ನುಗ್ಗೆಮರದ ಕೆಳಗೆ ಆ ಒರಳಿತ್ತು. ಅದರ ಮುಂದೆ ಚಿಕ್ಕಲಸಂದ್ರದ ಮುನಿಯಮ್ಮ. ನನ್ನ ಓರಗೆಯವಳು. ಹೊಲದ ಕೆಲಸ ಮಾಡಿದ ಕೈ, ಹೊಲ ಸೈಟುಗಳಾದ ಮೇಲೆ ನಮ್ಮಲ್ಲಿಗೆ ಬಂದಿತ್ತು. ನಾಲ್ಕು ವರ್ಷ ಕುಟ್ಟಿ ಅವಳ ಬಲಭುಜ ಹಿಡಿದುಕೊಂಡಿತ್ತು. ಕೈ ತಲೆಯ ತನಕ ಏಳುತ್ತಿರಲಿಲ್ಲ. ತುರುಬು ಕಟ್ಟುವುದಕ್ಕೂ ಸೊಸೆಯನ್ನು ಕರೆಯಬೇಕಿತ್ತು.

ಇಂಥ ಹೊತ್ತಿನಲ್ಲಿ ಕರೆನ್ ಎಂಬ ಡೆನ್ಮಾರ್ಕಿನ ಹೆಂಗಸು ಬೆಂಗಳೂರು ನೋಡಲು ಬಂದವಳು ನಮ್ಮ ಶೆಡ್ಡಿಗೂ ಬಂದಳು. ಒಳಗೇ ಕೂತು ನಾಲ್ಕು ಹಪ್ಪಳ ತಿಂದಳು. "ನಮ್ಮೂರ ಕಸುಬಿನ ಶಾಲೆಯಲ್ಲಿ ಮಕ್ಕಳು ಯಂತ್ರ ಮಾಡಲು ಕಲಿಯುತ್ತಾರೆ. ನಿಮಗೆ ಯಾವುದರಿಂದ ತೊಂದರೆ ಎಂದು ಬರೆಯಿರಿ" ಅಂದಳು. ನಾನು ಎರಡು ಪುಟದ ಪತ್ರ ಬರೆದೆ, ಜೊತೆಗೆ ಹೆಂಗಸರ ಒಂದು ಫೋಟೋ ಇಟ್ಟೆ. ಎರಡು ವರ್ಷ ಸದ್ದಿಲ್ಲ. ಆಮೇಲೆ ಉತ್ತರ ಬಂತು: ಮೆಷೀನು ಸಿದ್ಧವಾಗಿದೆ, ಖರ್ಚು ನಮ್ಮದು, ನೀವು ಬಂದು ನೋಡಿ ಒಪ್ಪಿ ಸಹಿ ಹಾಕಿದರೆ ಹಡಗಿಗೆ ಹಾಕುತ್ತೇವೆ.

ಶೆಡ್ಡಿನಲ್ಲಿ ಹಬ್ಬವೂ ಆಯಿತು, ಆತಂಕವೂ ಆಯಿತು. ಉತ್ತರಹಳ್ಳಿಯ ಜಯಮ್ಮ ಲಟ್ಟಣಿಗೆ ಪಕ್ಕಕ್ಕಿಟ್ಟು, "ಮಿಷನ್ ಬಂದ್ರೆ ನಮ್ಮನ್ನೆಲ್ಲಾ ಮನೆಗೆ ಕಳಿಸ್ಬಿಡ್ತೀರಾ ಟೀಚರಮ್ಮ?" ಎಂದು ಕೇಳಿದಳು.

"ಕುಟ್ಟೋಕೆ ಮಾತ್ರ ಕಣೇ. ಒತ್ತೋದು ನೀವೇ" ಅಂದೆ.

ಹೊರಡುವ ದಿನ ಮುನಿಯಮ್ಮ ಹಪ್ಪಳದ ಡಬ್ಬಿಯನ್ನು ಎಡಗೈಯಲ್ಲಿ ಹಿಡಿದು ಮನೆ ಬಾಗಿಲಿಗೆ ಬಂದಳು. "ಟೀಚರಮ್ಮ, ಎಂಗಾದ್ರೂ ಮಾಡಿ ಅದನ್ನ ತಂದ್ಬುಡಿ. ಇನ್ನೊಂದ್ ವರ್ಸ ಕುಟ್ಟಿದ್ರೆ ಈ ಕೈ ನಂದಲ್ಲ" ಅಂದಳು. ತರುತ್ತೇನೆ ಎಂದು ಮಾತು ಕೊಟ್ಟೆ.

ರೈಲ್ವೆ ಸ್ಟೇಷನ್ನು

ಕೋಪನ್‌ಹೇಗನ್‌ನಿಂದ ಮೂರು ಗಂಟೆಯ ರೈಲು. ಯಾವ ರೈಲು ಹತ್ತಬೇಕೆಂದು ಕರೆನ್ ಬರೆದಿದ್ದಳು. ನಮ್ಮ ರೈಲುಗಳ ಅನುಭವವಿದ್ದ ನಾನು ಯಾವುದಕ್ಕೂ ಇರಲಿ ಎಂದು ಅದಕ್ಕೂ ಮುಂಚಿನದನ್ನೇ ಹತ್ತಿಬಿಟ್ಟೆ. ಅಲ್ಲಿನ ರೈಲುಗಳಿಗೆ ಹೇಳಿದ ಹೊತ್ತಿಗೆ ಬರುವ ಕೆಟ್ಟ ಅಭ್ಯಾಸವಿದೆಯೆಂದು ನನಗೆ ಗೊತ್ತಿರಲಿಲ್ಲ. ಹೀಗಾಗಿ ಇಳಿದಾಗ ಪ್ಲಾಟ್‌ಫಾರಂ ಮೇಲೆ ನಾನು, ನನ್ನ ಟ್ರಂಕು ಮತ್ತು ಹಪ್ಪಳದ ಡಬ್ಬಿ, ಮೂವರೇ.

ಶಾಲೆಗೆ ಫೋನ್ ಮಾಡಿದೆ. ಕರೆನ್ ದನಿಯೇ ಬಂತು. ಅವರ ಭಾಷೆಯಲ್ಲಿ ಏನೋ ಹೇಳಿದಳು, ಕುಯ್ ಅಂತ ಒಂದು ಸದ್ದಾಯಿತು, ಆಮೇಲೆ ಮೌನ. "ನಾನು ಸುಶೀಲಾ, ಬೆಂಗಳೂರಿನಿಂದ" ಎಂದು ಇಂಗ್ಲಿಷಿನಲ್ಲಿ ಹೇಳಿದೆ. ಉತ್ತರವಿಲ್ಲ. ಪ್ರಯಾಣ ಸುಖವಾಗಿತ್ತು ಅಂದೆ. ಉತ್ತರವಿಲ್ಲ. ನಿಮ್ಮ ತಾಯಿಯವರ ಆರೋಗ್ಯ ಹೇಗಿದೆ ಎಂದು ಕೇಳಿದೆ. ಅಷ್ಟು ಕೇಳಿದರೂ ಮಾತಾಡದ ಹೆಂಗಸಿನ ಮೇಲೆ ಸಿಟ್ಟು ಬಂದು ಭಾಷೆ ತಾನಾಗಿ ಬದಲಾಯಿತು. "ಇದೇನ್ರೀ ಇದು, ಅಷ್ಟು ದೂರದಿಂದ ಕರೆಸ್ಕೊಂಡು ಬಾಯಿ ಬಿಡಲ್ಲ ಅಂದ್ರೆ? ನಾನೇನು ಸೀರೆ ಮಾರೋಕೆ ಬಂದಿದೀನಾ?" ಎಂದು ಕೇಳಿ ಫೋನಿಟ್ಟೆ.

ಬರೆದಿದ್ದ ರೈಲಿನ ಹೊತ್ತಿಗೆ ಸರಿಯಾಗಿ ಕರೆನ್ ಸ್ಟೇಷನ್ನಿಗೆ ಬಂದು ಮನೆಗೆ ಕರೆದೊಯ್ದಳು. ಫೋನಿನಲ್ಲಿದ್ದದ್ದು ಮನುಷ್ಯರಿಲ್ಲದಾಗ ಮಾತು ಹಿಡಿದಿಟ್ಟುಕೊಳ್ಳುವ ಟೇಪು ಎಂದು ಮಾರನೆಯ ದಿನ ಗೊತ್ತಾಯಿತು. ಅಷ್ಟು ಹೊತ್ತಿಗೆ ಶಾಲೆಯ ಮೇಷ್ಟರೆಲ್ಲ ಅದನ್ನು ಎರಡೆರಡು ಸಲ ಕೇಳಿ ಆಗಿತ್ತು. ಕೊನೆಯ ಭಾಗದ ಅರ್ಥವೇನೆಂದು ಕರೆನ್ ಬಹಳ ವಿನಯದಿಂದ ಕೇಳಿದಳು. ಸ್ವಾಗತಕ್ಕೆ ವಂದನೆ ಎಂದು ಹೇಳಿದೆ. ಡೈರಿಯಲ್ಲಿ ಮೊದಲನೆಯ ನಂಬರು ಹಾಕಿ ಬರೆದೆ: ಕೇಳಿಸಿಕೊಳ್ಳುತ್ತದೆ, ತಿರುಗಿ ಕೇಳುವುದಿಲ್ಲ. ಬೇಡ.

ಕರೆನ್ ಮನೆ ಮತ್ತು ಬೀದಿ

ಎರಡನೆಯ ನಂಬರು ಬ್ರೆಡ್ ಅಂಗಡಿಯದು. ಬೆಳಿಗ್ಗೆ ನಾನೊಬ್ಬಳೇ ಹೋದೆ. ಅಂಗಡಿಯಲ್ಲಿ ನನ್ನನ್ನು ಬಿಟ್ಟರೆ ಗಿರಾಕಿ ಇಲ್ಲ. ಆದರೂ ಮಾರುವಾಕೆ ನನ್ನ ಕಡೆ ನೋಡಲಿಲ್ಲ. ಕೆಮ್ಮಿದೆ, ಬಳೆ ಸದ್ದು ಮಾಡಿದೆ. ಕೊನೆಗೆ ಆಕೆ ಬಾಗಿಲ ಬಳಿಯ ಕೆಂಪು ಡಬ್ಬಿಯೊಂದನ್ನು ತೋರಿಸಿದಳು. ಅದರ ಬಾಯಿಂದ ಒಂದು ಚೀಟಿ ಎಳೆದೆ. ನಲವತ್ತೇಳು. ಆಕೆ ನಲವತ್ತೇಳು ಎಂದು ಕೂಗಿ, ಅಂಗಡಿಯನ್ನೆಲ್ಲ ಒಮ್ಮೆ ನೋಡಿದಳು. ನಾನು ಕೈ ಎತ್ತಿದೆ. ಆಮೇಲೆ ಬಹಳ ಸಂತೋಷದಿಂದ ನನ್ನನ್ನು ಮಾತಾಡಿಸಿದಳು.

ನಮ್ಮ ಜಯನಗರದ ಕಾಂಪ್ಲೆಕ್ಸಿನಲ್ಲಿ ಮೂವತ್ತು ಜನ ಒಟ್ಟಿಗೆ ಚೀಲ ಚಾಚಿದರೂ ತರಕಾರಿಯವನಿಗೆ ಯಾರು ಮೊದಲು ಬಂದವರೆಂದು ಗೊತ್ತಿರುತ್ತದೆ. ತಪ್ಪಿದರೆ ಹೇಳುವುದಕ್ಕೆ ನಾವಿರುತ್ತೇವೆ. ಇದನ್ನು ನೆನೆದು ಆ ಚೀಟಿ ಹಿಡಿದು ನಿಂತಲ್ಲೇ ನನಗೆ ನಮ್ಮೂರಿನ ಬಗ್ಗೆ ತುಂಬ ಅಭಿಮಾನ ಬಂತು.

ಹೊರಗೆ ಬಂದರೆ ಅಂಗಡಿಯ ಮುಂದೆ ಮಕ್ಕಳನ್ನು ಕೂರಿಸುವ ತಳ್ಳುಗಾಡಿಯಲ್ಲಿ ಒಂದು ಮಗು. ಒಂದೇ. ತಾಯಿ ಎದುರು ಅಂಗಡಿಯಲ್ಲಿ ಸಾಮಾನು ಕೊಳ್ಳುತ್ತಿದ್ದಾಳೆಂದು ಬ್ರೆಡ್ ಮಾರುವಾಕೆ ಒಳಗಿಂದಲೇ ಹೇಳಿದಳು. ಅಲ್ಲಿ ಮಕ್ಕಳನ್ನು ಗಾಳಿಗೆ ಹೀಗೇ ಬಿಡುತ್ತಾರಂತೆ. ನನಗೆ ಹೆಜ್ಜೆ ಕೀಳಲಾಗಲಿಲ್ಲ. ತಾಯಿ ಬರುವ ತನಕ ಕಾವಲು ನಿಂತೆ. ಆಕೆ ಬಂದು ನನ್ನನ್ನೇ ಅನುಮಾನದಿಂದ ನೋಡಿ ಗಾಡಿ ತಳ್ಳಿಕೊಂಡು ಹೋದಳು.

ಕರೆನ್ ಅಡುಗೆಮನೆಯಲ್ಲಿ ಮೂರನೆಯ ನಂಬರು ಸಿಕ್ಕಿತು. ಮೊಟ್ಟೆಗೆ ತೂತು ಮಾಡಲು ಒಂದು ಸಾಧನ, ಬೆಂದ ಮೇಲೆ ನೆತ್ತಿ ಹಾರಿಸಲು ಒಂದು, ಹೋಳು ಮಾಡಲು ತಂತಿಯದೊಂದು, ಕೂರಿಸಲು ಒಂದು ಪುಟ್ಟ ಬಟ್ಟಲು. ಮೊಟ್ಟೆ ತಿನ್ನದ ನನಗೆ ಇವನ್ನೆಲ್ಲ ಸಾಲಾಗಿ ಇಟ್ಟು ತೋರಿಸಿದಳು. ಅಷ್ಟು ಆಯುಧಗಳನ್ನು ಕಂಡು ನನಗೆ ಮೊಟ್ಟೆಯ ಮೇಲೆ ಮರುಕ ಹುಟ್ಟಿತು. ಆದರೆ ಕರೆನ್ ಒಳ್ಳೆಯವಳು. ನನಗೆಂದು ದಿನವೂ ಸೌತೆಕಾಯಿ, ಆಲೂಗಡ್ಡೆ, ಮೊಸರು. ನಾನು ಸುಟ್ಟು ಕೊಟ್ಟ ಹಪ್ಪಳಕ್ಕೆ ಆಕೆ ಬೆಣ್ಣೆ ಸವರಿ, ಮೇಲೆ ಚೀಸ್ ಇಟ್ಟು, ಚಾಕು, ಮುಳ್ಳುಚಮಚ ಹಿಡಿದು ಕೂತಳು. ಚಾಕು ತಗುಲಿದ ಕೂಡಲೇ ಹಪ್ಪಳ ನೂರು ಚೂರಾಗಿ ಟೇಬಲ್ಲಿನ ಮೇಲೆಲ್ಲ ಹಾರಿತು. ಕೈಯಲ್ಲಿ ಮುರಿದು ತಿನ್ನುವುದನ್ನು ಕಲಿಸಿದೆ. ಬೆಣ್ಣೆ ಸವರಿದ್ದನ್ನು ನಾನೂ ತಿಂದು ನೋಡಿದೆ. ಕೆಟ್ಟದ್ದೇನಿರಲಿಲ್ಲ.

ಶಾಲೆಯಲ್ಲಿ, ಮೊದಲ ದಿನ

ಶಾಲೆಯಲ್ಲಿ ಯಂತ್ರ ಮಾಡಲು ಕಲಿಸುವ ಕಮ್ಮಟದ ಗೋಡೆಗೆ ಕಾಗದದ ಭಾರತದ ಬಾವುಟಗಳನ್ನು ಕಟ್ಟಿದ್ದರು. ಹನ್ನೆರಡು ಜನ ವಿದ್ಯಾರ್ಥಿಗಳು, ಗಂಡು ಹೆಣ್ಣು ಸೇರಿ, ಕೈ ತೊಳೆದುಕೊಂಡು ನಿಂತಿದ್ದರು. ಅವರ ಮೇಷ್ಟರು ಹೆನ್ರಿಕ್. ಅರವತ್ತರ ಹತ್ತಿರದ, ಕಡಿಮೆ ಮಾತಿನ ಮನುಷ್ಯ. ಅವರು ಮೆಷೀನಿಗೆ ಹೊದಿಸಿದ್ದ ಬಟ್ಟೆ ಸರಿಸಿದರು.

ಹಸಿರು ಬಣ್ಣದ, ಆಳೆತ್ತರದ ಮೆಷೀನು. ನೋಡಲು ಎಷ್ಟು ಚೆನ್ನಾಗಿತ್ತೆಂದರೆ ಕುಂಕುಮ ಇಡೋಣ ಅನ್ನಿಸಿತು. ನಾನು ಒನಕೆಯನ್ನು ಹುಡುಕಿದೆ. ಕಾಣಲಿಲ್ಲ. ಒಬ್ಬ ಹುಡುಗಿ ಹಿಟ್ಟಿನ ಉಂಡೆಗಳನ್ನು ಒಂದು ಕಡೆ ಇಟ್ಟಳು. ಎರಡು ಉಕ್ಕಿನ ತಟ್ಟೆಗಳು ಬಂದು ಕೂಡಿಕೊಂಡವು. ಇನ್ನೊಂದು ಕಡೆಯಿಂದ ಹಪ್ಪಳ ಬಿತ್ತು. ಒಂದರ ಹಾಗೇ ಇನ್ನೊಂದು, ಗುಂಡಗೆ, ಕಂಪಾಸಿನಲ್ಲಿ ಎಳೆದ ಹಾಗೆ. ಇಬ್ಬರಿದ್ದರೆ ಸಾಕು, ಹದಿನೆಂಟು ಜನರ ಕೆಲಸ ಮಾಡುತ್ತದೆ ಎಂದು ಆ ಹುಡುಗಿ ಕಲಿತುಕೊಂಡಿದ್ದ ಇಂಗ್ಲಿಷಿನಲ್ಲಿ ಹೇಳಿದಳು.

ಇದು ಒತ್ತುವ ಮೆಷೀನು. ಜಯಮ್ಮ ಭಯಪಟ್ಟದ್ದೇ ಇದಕ್ಕೆ. ಮುನಿಯಮ್ಮ ಕೇಳಿದ್ದು ಇದಲ್ಲ. ಇದನ್ನು ಕೊಂಡೊಯ್ದರೆ ಹದಿನೈದು ಜನ ಮನೆಗೆ, ಮುನಿಯಮ್ಮ ಮಾತ್ರ ಒರಳ ಮುಂದೆ, ಅದೂ ಮೊದಲಿಗಿಂತ ಹೆಚ್ಚು ಕುಟ್ಟುವುದಕ್ಕೆ.

ಹನ್ನೆರಡು ಮುಖಗಳು ನನ್ನನ್ನೇ ನೋಡುತ್ತಿದ್ದವು. "ಬಹಳ ಚೆನ್ನಾಗಿದೆ" ಎಂದು ಹೇಳಿದೆ. ಸಹಿ ನಾಳೆ ಹಾಕುತ್ತೇನೆ ಅಂದೆ. ಕರೆನ್ ಮನೆಗೆ ಬಂದು ಡೈರಿ ತೆಗೆದು ಸಿಟ್ಟಿನಿಂದ ಬರೆದೆ: ನಾಲ್ಕು, ಹಪ್ಪಳದ ಮೆಷೀನು. ಯಾರಿಗೆ ಏನು ಬೇಕು ಎಂದು ಕೇಳದೆ ಏನು ಬೇಕಾದರೂ ಕಂಡುಹಿಡಿಯುವ ಜನ.

ಶಾಲೆಯಲ್ಲಿ, ಎರಡನೆಯ ದಿನ

ಬೆಳಿಗ್ಗೆ ಒಂದು ಭಾಷಣ ಸಿದ್ಧಮಾಡಿಕೊಂಡು ಹೋದೆ. ನಮ್ಮ ಕೈಗಳಿಗೆ ನಿಮ್ಮ ತಟ್ಟೆಗಳು ಸಮನಲ್ಲ ಎಂಬುದು ಅದರ ಸಾರಾಂಶ. ಹೇಳುವುದಕ್ಕಿಂತ ತೋರಿಸುವುದು ವಾಸಿ ಎಂದು ನಾನೇ ಹಿಟ್ಟು ಕಲಸಿದೆ. ಅವರ ಹಪ್ಪಳದ ಅಂಚು ಬಿರಿಯುತ್ತಿದ್ದದ್ದನ್ನು ಮೊದಲ ದಿನವೇ ಗಮನಿಸಿದ್ದೆ, ಕುಟ್ಟದ ಹಿಟ್ಟು. ಒನಕೆಯಿಲ್ಲ. ಬಡಗಿ ಕೆಲಸದವರ ಮರದ ಕೊಡತಿಯನ್ನು ಬಿಸಿನೀರಿನಲ್ಲಿ ತೊಳೆಸಿ, ದಪ್ಪ ಹಲಗೆಯೊಂದರ ಮೇಲೆ ಹಿಟ್ಟಿಟ್ಟು, ಸೆರಗು ಸಿಕ್ಕಿಸಿ ಕುಟ್ಟಲು ನಿಂತೆ.

ಒಂದು ಸತ್ಯ ಹೇಳಬೇಕು. ಆರು ವರ್ಷದಿಂದ ಆ ಸಮಾಜ ನಡೆಸಿದವಳು ನಾನು ಒಂದು ದಿನವೂ ಪೂರ್ತಿಯಾಗಿ ಕುಟ್ಟಿರಲಿಲ್ಲ. ಐದು ನಿಮಿಷಕ್ಕೆ ಉಸಿರು ಹೋಯಿತು. ಹತ್ತು ನಿಮಿಷಕ್ಕೆ ಭುಜದಲ್ಲಿ ಚಳುಕು. ನಿಲ್ಲಿಸಿದರೆ ಬೆಂಗಳೂರಿನ ಮರ್ಯಾದೆ ಏನಾಗಬೇಕು? ಹಲ್ಲು ಕಚ್ಚಿ ಕುಟ್ಟಿದೆ. ಹಿಟ್ಟು ಎಳೆದರೆ ಹಿಗ್ಗುವಂತಾಯಿತು. ಉಡುಗೊರೆಗೆಂದು ತಂದಿದ್ದ ಲಟ್ಟಣಿಗೆಯಲ್ಲಿ ಒತ್ತಿದೆ. ಅದನ್ನು ಎತ್ತಿ ಅವರ ದಿನಪತ್ರಿಕೆಯ ಮೇಲೆ ಹಾಸಿದಾಗ ಕೆಳಗಿನ ಅಕ್ಷರ ಕಾಣುತ್ತಿತ್ತು. ಮೆಷೀನಿನ ಹಪ್ಪಳವನ್ನು ಪಕ್ಕದಲ್ಲಿ ಇಟ್ಟರು, ಅಕ್ಷರ ಕಾಣಲಿಲ್ಲ. ಮಕ್ಕಳು ಚಪ್ಪಾಳೆ ತಟ್ಟಿದರು. ನನಗೆ ಎದೆಯುಬ್ಬಿತು. ಹದಿನೆಂಟು ಜನರೂ ನನ್ನ ಹಿಂದೆ ನಿಂತ ಹಾಗಾಯಿತು.

ಕರೆನ್ ಕಾಫಿ ತಂದಳು. ಬಟ್ಟಲು ತುಟಿಯ ತನಕ ಹೋಗಲಿಲ್ಲ. ಅರ್ಧದಲ್ಲೇ ಸೀರೆಯ ಮೇಲೆ ಚೆಲ್ಲಿತು. ಎಡಗೈಗೆ ಬದಲಾಯಿಸಿಕೊಂಡೆ.

ಹೆನ್ರಿಕ್ ಅದನ್ನು ನೋಡಿದರು. "ಈ ಕೆಲಸದಲ್ಲಿ ನೋವು ಎಲ್ಲಿ?" ಎಂದು ಕೇಳಿದರು.

"ಕುಟ್ಟುವುದರಲ್ಲಿ."

"ಒತ್ತುವುದರಲ್ಲಿ ಅಲ್ಲವೇ?"

"ಒತ್ತುವುದು ಮಾತಾಡುತ್ತಾ ಮಾಡುವ ಕೆಲಸ. ಅದಕ್ಕೆ ಮೆಷೀನು ಕೇಳಿದವರು ಯಾರು?"

ಅವರು ಎದ್ದು ಹೋಗಿ ಒಂದು ಫೈಲು ತಂದರು. ಅದರೊಳಗೆ ನನ್ನ ಪತ್ರ. ಎರಡು ವರ್ಷ ಎಷ್ಟು ಸಲ ತೆಗೆದು ನೋಡಿದ್ದರೋ, ಮಡಿಕೆಗಳು ಸವೆದಿದ್ದವು. ಒಂದು ಸಾಲಿನ ಕೆಳಗೆ ಕೆಂಪು ಗೆರೆ ಎಳೆದಿದ್ದರು. ಹಪ್ಪಳ ತಯಾರಿಕೆಯಲ್ಲಿ ನಮಗೆ ಒಂದು ಪ್ರೆಸ್ಸಿಂಗ್ ಡಿಫಿಕಲ್ಟಿ ಇದೆ, ಅದರಿಂದ ಹೆಂಗಸರ ಭುಜ ಹಾಳಾಗುತ್ತಿದೆ ಎಂದು ನಾನೇ ಬರೆದಿದ್ದೆ.

ನಮ್ಮ ಕಚೇರಿಗಳ ಇಂಗ್ಲಿಷಿನಲ್ಲಿ ಪ್ರೆಸ್ಸಿಂಗ್ ಡಿಫಿಕಲ್ಟಿ ಎಂದರೆ ತುರ್ತಾದ ತೊಂದರೆ. ನೀರಿನ ಬೋರ್ಡಿಗೆ ಬರೆಯುವಾಗಲೂ ನಾನು ಅದನ್ನೇ ಬರೆಯುವುದು. ಆದರೆ ಪ್ರೆಸ್ ಎಂದರೆ ಒತ್ತು. ಇಂಗ್ಲಿಷ್ ತಮ್ಮದಲ್ಲದ ಆ ಒಳ್ಳೆಯ ಜನ, ನಿಘಂಟು ಮುಂದಿಟ್ಟುಕೊಂಡು ಓದಿದ್ದು: ಒತ್ತುವುದರಲ್ಲಿ ತೊಂದರೆ. ಎರಡು ಪುಟದಲ್ಲಿ ಎಲ್ಲಿಯೂ ನಾನು ಕುಟ್ಟುವುದು ಎಂಬ ಮಾತನ್ನು ಬರೆದಿರಲಿಲ್ಲ. ಹಪ್ಪಳ ಅಂದಮೇಲೆ ಕುಟ್ಟುವುದು ಇದ್ದೇ ಇದೆ, ಅದನ್ನೇನು ಹೇಳುವುದು ಅಂದುಕೊಂಡಿದ್ದೆ.

"ಫೋಟೋದಲ್ಲೂ ಇರಲಿಲ್ಲ" ಎಂದು ಹೆನ್ರಿಕ್ ಮೆಲ್ಲಗೆ ಹೇಳಿ ಅದನ್ನು ನನ್ನ ಮುಂದಿಟ್ಟರು. ಒಳ್ಳೆಯ ಸೀರೆ ಉಟ್ಟು, ಹೂ ಮುಡಿದು, ಸಾಲಾಗಿ ಕೂತು ಒತ್ತುತ್ತಿರುವ ಹೆಂಗಸರು. ಎಣಿಸಿದೆ. ಹದಿನೇಳು. ಫೋಟೋದವನು ಬಂದ ದಿನ ಮುನಿಯಮ್ಮ ಹಿಂದೆ ನುಗ್ಗೆಮರದ ಕೆಳಗೆ ಕುಟ್ಟುತ್ತಿದ್ದಳು. ಆ ಸದ್ದು ನನಗೆ ಕೇಳುತ್ತಲೇ ಇತ್ತು. ಕರೆಯಲು ಹೊಳೆದಿರಲಿಲ್ಲ.

ಸುಮ್ಮನೆ ಸಹಿ ಹಾಕಿಬಿಡಬಹುದಿತ್ತು. ಯಾರಿಗೂ ಬೇಜಾರಿಲ್ಲ, ನನ್ನ ಇಂಗ್ಲಿಷಿಗೆ ಕಳಂಕವಿಲ್ಲ, ಮೆಷೀನು ಬಂದು ಶೆಡ್ಡಿನ ಮೂಲೆಯಲ್ಲಿ ಕೂತು ತುಕ್ಕು ಹಿಡಿದರೆ ಕೇಳುವವರಾರು? ಒಂದು ಗಳಿಗೆ ಹಾಗೆಯೇ ಯೋಚಿಸಿದೆ. ನಾಚಿಕೆಯಿಂದ ಕಿವಿ ಬಿಸಿಯಾಗಿತ್ತು. ಆದರೆ ಬಲಭುಜ ನೋಯುತ್ತಿತ್ತು. ಅರ್ಧ ಗಂಟೆ ಕುಟ್ಟಿದ್ದಕ್ಕೆ ಹೀಗೆ.

ಎದ್ದು ನಿಂತು ಆ ಹನ್ನೆರಡು ಮಕ್ಕಳಿಗೆ ಹೇಳಿದೆ. "ನಿಮ್ಮ ಮೆಷೀನಿನಲ್ಲಿ ತಪ್ಪಿಲ್ಲ. ತಪ್ಪು ನನ್ನ ಪತ್ರದಲ್ಲಿದೆ. ಮುನಿಯಮ್ಮ ಎಂಬ ಹೆಂಗಸಿದ್ದಾಳೆ, ಅವಳ ಕೈ ಮೇಲಕ್ಕೆ ಏಳುವುದಿಲ್ಲ. ಅವಳಿಗೆ ಮೆಷೀನು ಬೇಕಿತ್ತು. ಅವಳನ್ನು ನಾನು ಪತ್ರದಲ್ಲೂ ಹಾಕಲಿಲ್ಲ, ಫೋಟೋದಲ್ಲೂ ಹಾಕಲಿಲ್ಲ. ಇದಕ್ಕೆ ಸಹಿ ಹಾಕಲಾರೆ. ನನ್ನನ್ನು ಕ್ಷಮಿಸಿ."

ಇಷ್ಟು ಸರಳವಾದ ಇಂಗ್ಲಿಷನ್ನು ನಾನು ಅದುವರೆಗೆ ಆಡಿರಲಿಲ್ಲ. ಎಲ್ಲರಿಗೂ ಅರ್ಥವಾಯಿತು. ಉಂಡೆ ಇಟ್ಟು ತೋರಿಸಿದ್ದ ಹುಡುಗಿಯ ಕಣ್ಣು ತುಂಬಿಕೊಂಡಿತು. ಎರಡು ವರ್ಷದ ಕೆಲಸ. ಹೆನ್ರಿಕ್ ಮೆಷೀನಿನ ಸುತ್ತ ಒಂದು ಸುತ್ತು ಬಂದರು. ನಾನು ಕುಟ್ಟಿದ ಹಿಟ್ಟನ್ನು ಬೆರಳಲ್ಲಿ ಎಳೆದು ನೋಡಿದರು. ಆಮೇಲೆ ಕೊಡತಿಯನ್ನು ಎತ್ತಿ ನನ್ನ ಕೈಗೆ ಕೊಟ್ಟು, "ಮೋಟರು ಚೆನ್ನಾಗಿದೆ. ಇನ್ನೊಮ್ಮೆ ಕುಟ್ಟಿ ತೋರಿಸಿ. ನಿಧಾನವಾಗಿ" ಅಂದರು.

ಎಡಗೈಯಲ್ಲಿ ಕುಟ್ಟಿದೆ. ಮಕ್ಕಳು ಪೆನ್ಸಿಲ್ ತೆಗೆದು ಬರೆದುಕೊಳ್ಳತೊಡಗಿದರು.

ಮತ್ತೆ ಬನಶಂಕರಿ

ಬರಿಗೈಯಲ್ಲಿ ಬಂದ ನನ್ನನ್ನು ಹೆಂಗಸರು ಸುತ್ತುವರಿದರು. ನಡೆದದ್ದನ್ನು ಹೇಳಿದೆ, ಪ್ರೆಸ್ಸಿಂಗ್ ಸಮೇತ. ಜಯಮ್ಮ ನಕ್ಕು ನಕ್ಕು ಗೋಡೆಗೆ ಒರಗಿದಳು. ಮುನಿಯಮ್ಮ ಮಾತ್ರ ನಗಲಿಲ್ಲ. "ಮುಂದಿನ್ ಸಲ ಕನ್ನಡದಾಗೇ ಬರೀರಿ ಟೀಚರಮ್ಮ. ಅವ್ರೇ ಯಾರನ್ನಾದ್ರೂ ಹಿಡ್ದು ಓದಿಸ್ಕೊತಾರೆ" ಎಂದು ಹೇಳಿ ಒರಳ ಕಡೆ ಹೋದಳು. ಅವತ್ತಿನಿಂದ ಕುಟ್ಟುವುದಕ್ಕೆ ಸರದಿ ಹಾಕಿದೆವು. ಹದಿನೆಂಟು ಜನ, ಜೊತೆಗೆ ನಾನು.

ಮುಂದಿನ ವರ್ಷ ಮರದ ಪೆಟ್ಟಿಗೆ ಬಂತು. ಅದೇ ಹಸಿರು ಬಣ್ಣ. ಉಕ್ಕಿನ ತಟ್ಟೆಗಳಿದ್ದ ಜಾಗದಲ್ಲಿ ಮರದ ತಲೆಯ ಎರಡು ಒನಕೆ. ಗುಂಡಿ ಒತ್ತಿದರೆ ದುಬು ದುಬು ಎಂದು ಒಂದೇ ಸಮನೆ ಕುಟ್ಟುತ್ತದೆ. ಕರೆಂಟು ಹೋದಾಗ ಮಾತ್ರ ಸುಮ್ಮನಾಗುತ್ತದೆ. ಇಂಥದೊಂದನ್ನು ಪ್ರಪಂಚ ಇಷ್ಟು ದಿನ ಕಂಡುಹಿಡಿಯದೆ ಹೇಗಿತ್ತು ಎಂದು ಡೈರಿಯಲ್ಲಿ ಬರೆದೆ. ಯಜಮಾನರು ಓದಿ, ಈ ಪುಸ್ತಕದಲ್ಲಿ ಒಳ್ಳೆ ಮಾತು ಇದೊಂದೇ ಅಂದರು.

ಮುನಿಯಮ್ಮ ಈಗ ಒಳಗೆ, ಸಾಲಿನಲ್ಲಿ, ಜಯಮ್ಮನ ಪಕ್ಕ. ಏಳು ವರ್ಷ ಹಪ್ಪಳದ ಕೆಲಸ ಮಾಡಿದವಳಿಗೆ ಒತ್ತಲು ಬರುತ್ತಿರಲಿಲ್ಲ. ಅವಳ ಮೊದಲ ಹಪ್ಪಳ ಯಾವ ದೇಶದ ನಕ್ಷೆಯೋ ಗೊತ್ತಾಗಲಿಲ್ಲ. ಆದರೆ ಅವಳ ಬಾಯಲ್ಲಿ ಅಷ್ಟು ಸುದ್ದಿಗಳಿದ್ದವೆಂದು ನಮಗೆ ಆಗಲೇ ತಿಳಿದದ್ದು.

ಮೆಷೀನು ಬಂದು ಏಳೆಂಟು ತಿಂಗಳ ಮೇಲೆ, ಹೆನ್ರಿಕ್ ಅವರಿಗೂ ಮಕ್ಕಳಿಗೂ ಕಳಿಸಲೆಂದು ಫೋಟೋದವನನ್ನು ಮತ್ತೆ ಕರೆಸಿದೆ. ಎಲ್ಲರೂ ಮೆಷೀನಿನ ಮುಂದೆ ನಿಂತರು. ಎಣಿಸಿದೆ. ಹದಿನೆಂಟು. ಅವನು ಕಣ್ಣಿಗೆ ಕ್ಯಾಮೆರಾ ಹಿಡಿದಾಗ ಮುನಿಯಮ್ಮ, "ಒಸಿ ತಡ್ಕಳಪ್ಪಾ, ತುರುಬು ಬಿಚ್ಚೋಗದೆ" ಅಂದಳು.

ಅವನು ಕಾಯದೆ ಗುಂಡಿ ಒತ್ತಿಬಿಟ್ಟ. ಆ ಫೋಟೋದ ಒಂದು ಪ್ರತಿ ಡೆನ್ಮಾರ್ಕಿನ ಕಮ್ಮಟದಲ್ಲಿದೆ, ಒಂದು ನಮ್ಮ ಶೆಡ್ಡಿನಲ್ಲಿ. ಹದಿನೇಳು ಜನ ನೆಟ್ಟಗೆ ನಿಂತು ಕ್ಯಾಮೆರಾ ನೋಡುತ್ತಿದ್ದಾರೆ. ನಡುವೆ ಮುನಿಯಮ್ಮ, ಎರಡೂ ಕೈಗಳನ್ನು ತಲೆಯ ಮೇಲಕ್ಕೆ ಎತ್ತಿ, ತನ್ನ ತುರುಬನ್ನು ತಾನೇ ಕಟ್ಟಿಕೊಳ್ಳುತ್ತಿದ್ದಾಳೆ.